ಕೋವಿಯ ಚೀಲ, ಕಾಶಿಯ ಕುಂಕುಮ

ಕಾಶಿಗೆ ಹೋದವರು ಗಂಗಾಸ್ನಾನವನ್ನು ಮರೆತರೂ ಮರೆಯಬಹುದು, ವಿಶ್ವನಾಥ ಗಲ್ಲಿಯ ವ್ಯಾಪಾರವನ್ನು ಮಾತ್ರ ಮರೆಯುವುದಿಲ್ಲವೆಂದು ನಮ್ಮ ಮನೆಯ ಹಿರಿಯರು ಹಾಸ್ಯ ಮಾಡುತ್ತಿದ್ದರು. ದಶಾಶ್ವಮೇಧದ ರಸ್ತೆಯಿಂದ ಒಳಹೊಕ್ಕರೆ ಇಕ್ಕೆಲಗಳಲ್ಲೂ ಅಂಗಡಿಗಳು: ಬಳೆ, ರುದ್ರಾಕ್ಷಿ, ಹಿತ್ತಾಳೆಯ ದೀಪ, ಬಾಯಿಗೆ ಬೆಸುಗೆ ಹಾಕಿದ ಗಂಗೆಯ ತಾಮ್ರದ ಗಿಂಡಿ, ಅರಗಿನ ಬಣ್ಣದ ಮರದ ಬೊಂಬೆ, ಗೋಪುರದಂತೆ ಒಟ್ಟಿದ ಸಿಂಧೂರ. ೨೦೨೧ರ ಡಿಸೆಂಬರಿನಲ್ಲಿ ವಿಶ್ವನಾಥ ಧಾಮವು ಲೋಕಾರ್ಪಣೆಗೊಂಡ ಮೇಲೆ ದೇವಾಲಯದಿಂದ ಗಂಗೆಯ ದಂಡೆಯವರೆಗೆ ವಿಶಾಲವಾದ ಪ್ರಾಂಗಣವೇ ತೆರೆದುಕೊಂಡಿದೆ. ಆದರೂ ಗಲ್ಲಿಯೊಳಗೆ ಒಂದು ಹಸು ಎದುರಾದರೆ ಗೋಡೆಗೆ ಒರಗಿ ನಿಲ್ಲಬೇಕಾದ ಇಕ್ಕಟ್ಟು ಹಾಗೆಯೇ ಉಳಿದಿದೆ.

ದೇವಾಲಯದೊಳಕ್ಕೆ ಚೀಲ, ದೂರವಾಣಿ, ಕ್ಯಾಮೆರಾಗಳನ್ನು ಒಯ್ಯುವಂತಿಲ್ಲ. ಆದುದರಿಂದ ಹೂವು-ಪ್ರಸಾದ ಮಾರುವ ಅಂಗಡಿಯವರು ಯಾತ್ರಿಕರ ಸಾಮಾನುಗಳನ್ನು ಕಾಯ್ದಿರಿಸಲು ಗೋಡೆಗೆ ಚಿಕ್ಕ ಚಿಕ್ಕ ಬೀಗದ ಗೂಡುಗಳನ್ನು ಮಾಡಿಟ್ಟಿದ್ದಾರೆ. ಕಳೆದ ಮಾಘಮಾಸದಲ್ಲಿ ಅಂತಹ ಒಂದು ಅಂಗಡಿಯ ಮುಂದೆ ನಡೆದ ಘಟನೆಯೇ ಈ ಲೇಖನಕ್ಕೆ ಕಾರಣ.

ನನ್ನ ಸೋದರಳಿಯ ಹನ್ನೆರಡು ವರ್ಷಗಳಿಂದ ಅಮೆರಿಕಾದಲ್ಲಿದ್ದಾನೆ. ಅವನ ತಂದೆ, ಅಂದರೆ ನಮ್ಮ ಭಾವನವರು, ತೀರಿಕೊಂಡಾಗ ರಜೆ ದೊರೆಯದೆ, ಮೂರು ತಿಂಗಳ ನಂತರ ಅಸ್ಥಿಯನ್ನು ಗಂಗೆಯಲ್ಲಿ ಬಿಡಲೆಂದು ಬಂದ. ದೆಹಲಿಯಲ್ಲಿ ವೈದ್ಯವೃತ್ತಿ ಮಾಡಿಕೊಂಡು ನೆಲೆಸಿರುವ ನನಗೆ ಹಿಂದಿ ಬರುತ್ತದೆಂಬ ಕಾರಣಕ್ಕೆ ಜೊತೆಗೆ ಹೊರಡಬೇಕಾಯಿತು. ದೆಹಲಿಯಿಂದ ರೈಲಿನಲ್ಲಿ ಕಾಶಿಗೆ, ಅಲ್ಲಿಂದ ಬಾಬತ್ಪುರದ ವಿಮಾನ ನಿಲ್ದಾಣದ ಮೂಲಕ ಬೆಂಗಳೂರಿಗೆ, ತಾಯಿಯ ಬಳಿಗೆ. ಅದು ಏರ್ಪಾಟು. ಅಸ್ಥಿ ವಿಸರ್ಜನೆ ಮುಗಿಯಿತು. ಮರುದಿನ ಬೆಳಿಗ್ಗೆ ದರ್ಶನಕ್ಕೆಂದು ಗಲ್ಲಿಗೆ ಬಂದೆವು.

ಅವನ ಹೆಗಲಚೀಲ ಅಂಗಡಿಯ ಗೂಡಿನಲ್ಲಿ ಹಿಡಿಸಲಿಲ್ಲ. ಸ್ವಲ್ಪ ತೆರವು ಮಾಡೋಣವೆಂದು ಪಕ್ಕದ ಜೇಬನ್ನು ಬಗ್ಗಿಸಿದಾಗ ಕಿವಿಗೆ ಹಾಕುವ ಕಾಪು, ಮಾಸಿದ ಒಂದು ಬಟ್ಟೆ, ಇವುಗಳ ಸಂಗಡ ಹಿತ್ತಾಳೆಯ ಸಣ್ಣ ವಸ್ತುವೊಂದು ಕಲ್ಲುಚಪ್ಪಡಿಯ ಮೇಲೆ ಟಣ್ಣೆಂದು ಬಿದ್ದಿತು. ಅಂಗಡಿಯ ಮುದುಕ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಏನೂ ಮಾತನಾಡದೆ ನನ್ನ ಅಂಗೈಯಲ್ಲಿಟ್ಟ. ಅದು ಸಿಡಿಯದ ತೋಟಾ.

“ಮಾವ, ಇದು ನನ್ನದೇ. ಭಾನುವಾರಗಳಲ್ಲಿ ಸ್ನೇಹಿತರ ಜೊತೆ ಶೂಟಿಂಗ್ ರೇಂಜಿಗೆ ಹೋಗುತ್ತೇನಲ್ಲ, ಆ ಚೀಲ. ಅಪ್ಪನ ಸುದ್ದಿಯ ಗಾಬರಿಯಲ್ಲಿ ಅದನ್ನೇ ತಂದುಬಿಟ್ಟೆ. ಗಂಗೆಗೆ ಎಸೆದು ಬರಲೇ?” ಎಂದ. ಅವನ ಮುಖ ಬಿಳಿಚಿಕೊಂಡಿತ್ತು.

ಗಂಗೆಯಲ್ಲಿ ಎಸೆಯಬೇಡವೆಂದೆ. ಬಾಳೆಯೆಲೆಯಲ್ಲಿ ಸುತ್ತಿದ ಹೂವಿನ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಸಮೀಪದ ಪೊಲೀಸ್ ಚೌಕಿಗೆ ಹೋದೆವು. ಸಂಜೆಯವರೆಗೆ ಕುಳಿತೆವು. ಪಾಸ್‌ಪೋರ್ಟನ್ನು ನೋಡಿದರು, ರೇಂಜಿನ ಸದಸ್ಯತ್ವದ ಚೀಟಿಯನ್ನು ನೋಡಿದರು, ಅಂಗಡಿಯ ಮುದುಕನನ್ನು ಕರೆಸಿ ಕೇಳಿದರು, ಹೇಳಿಕೆ ಬರೆಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ನಮ್ಮನ್ನು ಕಳುಹಿಸಿಕೊಟ್ಟರು. ಎಲ್ಲರಿಗೂ ಹೀಗೆಯೇ ಸುಲಭವಾಗಿ ಮುಗಿಯುತ್ತದೆಂದು ವಾಚಕರು ಭಾವಿಸಬಾರದು. ಅದೇ ತೋಟಾ ಮರುದಿನ ಬಾಬತ್ಪುರದ ಕ್ಷಕಿರಣ ಯಂತ್ರದಲ್ಲಿ ಕಾಣಿಸಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ನಮ್ಮ ದೇಶದ ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಕೋವಿಗೆ ಹೇಗೋ ಹಾಗೆಯೇ ತೋಟಾಕ್ಕೂ ಪರವಾನಗಿ ಬೇಕು. ಒಂದೇ ಒಂದು ತೋಟಾ ಆದರೂ ಅಷ್ಟೇ. ಪರವಾನಗಿಯಿಲ್ಲದೆ ಇಟ್ಟುಕೊಂಡರೆ ಸೆರೆಮನೆಯ ಶಿಕ್ಷೆಯಿದೆ. ಆದರೆ ಇಟ್ಟುಕೊಂಡಿರುವುದು ತಿಳಿದೂ ತಿಳಿದೂ ಆಗಿರಬೇಕೆಂಬುದು ನ್ಯಾಯಾಲಯಗಳ ಮತ. ಸರ್ವೋಚ್ಚ ನ್ಯಾಯಾಲಯವು ೧೯೭೨ರಲ್ಲಿಯೂ ಮತ್ತೆ ೧೯೯೪ರಲ್ಲಿಯೂ ಈ ತತ್ವವನ್ನು ಹೇಳಿದೆ. ವಿದೇಶದಿಂದ ಬಂದವರ ಸಾಮಾನಿನಲ್ಲಿ ಮರೆತು ಉಳಿದ ಒಂಟಿ ತೋಟಾಗಳ ಮೊಕದ್ದಮೆಗಳನ್ನು ದೆಹಲಿಯ ಉಚ್ಚ ನ್ಯಾಯಾಲಯವು ಈ ಆಧಾರದ ಮೇಲೆ ರದ್ದು ಮಾಡಿದ್ದುಂಟು. ಸಮಾಧಾನದ ಮಾತೇ ಸರಿ. ಆದರೆ ರದ್ದಾಗುವ ಮೊದಲು ಪೊಲೀಸ್ ದೂರು, ಜಾಮೀನು, ವಕೀಲರ ಶುಲ್ಕ, ತಪ್ಪಿಹೋದ ವಿಮಾನ, ಮುಗಿದುಹೋದ ರಜೆ, ಇವೆಲ್ಲವೂ ಆಗಿರುತ್ತವೆ. ಮೇಲಾಗಿ, ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಕಣ್ಣಿಗೆ ಬೀಳುವವರೆಗೆ ಮಾತ್ರ ನಡೆಯುತ್ತದೆ. ಒಮ್ಮೆ ಕಂಡ ಮೇಲೆ ಜೇಬಿನೊಳಗೆ ಮತ್ತೆ ಸೇರಿಸಿಕೊಂಡವನಿಗೆ ಆ ರಕ್ಷೆ ಇಲ್ಲ. ಎಸೆಯುವುದೂ ಕ್ಷೇಮವಲ್ಲ, ಇನ್ನೊಬ್ಬರ ಮಗುವಿನ ಕೈಗೆ ಸಿಕ್ಕೀತು. ತಾವಾಗಿಯೇ ಹೋಗಿ ಒಪ್ಪಿಸುವುದೇ ಸರಿಯಾದ ದಾರಿ.

ನಮ್ಮ ಕೊಡಗಿನ ಬಂಧುಗಳು ಇಲ್ಲಿ ನಸುನಗಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಂಗ್ಲರ ಕಾಲದಿಂದ ಕೋವಿಯ ಪರವಾನಗಿಯಲ್ಲಿ ವಿನಾಯಿತಿಯಿದೆ; ೨೦೧೯ರಲ್ಲಿ ಸರ್ಕಾರವು ಅದನ್ನು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆತನಗಳಲ್ಲಿ ತೋಟಾ ಎಂಬುದು ಭಯದ ವಸ್ತುವಲ್ಲ. ಆದರೆ ಆ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು, ವಿಮಾನದ ನಿಯಮಗಳಿಗಲ್ಲ.

ವಿಮಾನದ ನಿಯಮವಾದರೂ ಜಗತ್ತಿನಾದ್ಯಂತ ಬಹುಮಟ್ಟಿಗೆ ಒಂದೇ. ಕೈಚೀಲದಲ್ಲಿ ತೋಟಾ ಸರ್ವಥಾ ಕೂಡದು. ಕ್ರೀಡೆಗಾಗಿ ಒಯ್ಯುವವರು ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ, ಅನುಮತಿ ಪಡೆದು, ಭದ್ರವಾಗಿ ಕಟ್ಟಿ, ತಳಕ್ಕೆ ಹಾಕುವ ಸಾಮಾನಿನಲ್ಲಿ ತಲೆಗೆ ಐದು ಕಿಲೋಗ್ರಾಂ ಮೀರದಂತೆ ಒಯ್ಯಬಹುದು. ಇಳಿಯುವ ದೇಶದ ಕಾಗದಪತ್ರಗಳೂ ಕೈಯಲ್ಲಿರಬೇಕು. ಕೋವಿಯ ಬಿಡಿಭಾಗಗಳನ್ನೂ ಹಾಗೆಯೇ ಮೊದಲೇ ತಿಳಿಸಬೇಕು. ಕಿವಿಯ ಕಾಪು, ಕನ್ನಡಕ, ಗುರಿಯ ಕಾಗದ, ಇವುಗಳಿಗೆ ಅಡ್ಡಿಯಿಲ್ಲ. ತೊಂದರೆ ಬರುವುದು ನಾವು ಲೆಕ್ಕಕ್ಕೇ ಹಿಡಿಯದ ವಸ್ತುಗಳಿಂದ: ತೋಟಾದ ಆಕಾರದ ಬೀಗದ ಕೈಗೊಂಚಲು, ನೆನಪಿಗೆಂದು ಇಟ್ಟುಕೊಂಡ ಸಿಡಿದ ತೋಟಾದ ಖಾಲಿ ಕವಚ, ಮಕ್ಕಳ ಆಟದ ಪಿಸ್ತೂಲು. ವಿಶ್ವನಾಥ ಗಲ್ಲಿಯಲ್ಲಿ ಕೊಂಡ ಹಿತ್ತಾಳೆಯ ತ್ರಿಶೂಲವನ್ನು ಕೈಯಲ್ಲಿ ಹಿಡಿದು ವಿಮಾನ ಹತ್ತಲು ಹೋಗಿ, ಕಣ್ಣೀರಿಟ್ಟುಕೊಂಡು ಅಲ್ಲಿಯೇ ಬಿಟ್ಟು ಬಂದ ಅಜ್ಜಿಯೊಬ್ಬರನ್ನು ನಾನು ಬಲ್ಲೆ.

ಕಾಯಿದೆಯ ಮಾತು ಇಷ್ಟು ಸಾಕು. ಚೌಕಿಯ ಬೆಂಚಿನ ಮೇಲೆ ಕುಳಿತಿದ್ದಾಗ ವೈದ್ಯನಾದ ನನ್ನ ಮನಸ್ಸನ್ನು ಕೊರೆದದ್ದು ತೋಟಾ ಅಲ್ಲ, ಆ ಚೀಲ. ಅದರ ಒಳಮೈಗೆ ಬೂದುಬಣ್ಣದ ಸಣ್ಣ ಧೂಳು ಅಂಟಿಕೊಂಡಿತ್ತು. ಹಿಂದಿನ ದಿನ ಅದೇ ಚೀಲದಲ್ಲಿ ನಾವು ಪೇಡೆಯ ಪೊಟ್ಟಣವನ್ನು ಇಟ್ಟಿದ್ದೆವು.

ಗುಂಡಿನ ಮೈ ಹೆಚ್ಚಾಗಿ ಸೀಸದ್ದು. ತೋಟಾದ ಬುಡದಲ್ಲಿ ಕಿಡಿ ಹುಟ್ಟಿಸುವ ಮದ್ದಿನಲ್ಲಿಯೂ ಸಾಮಾನ್ಯವಾಗಿ ಸೀಸದ ಲವಣವಿರುತ್ತದೆ. ಗುಂಡು ಹಾರಿದಾಗ ಈ ಸೀಸವು ಸೂಕ್ಷ್ಮವಾದ ಹೊಗೆಯಾಗಿ, ಧೂಳಾಗಿ ಹರಡಿ, ಹೊಡೆಯುವವನ ಕೈ, ಕೂದಲು, ಅಂಗಿ, ಚೀಲಗಳ ಮೇಲೆ ಕೂರುತ್ತದೆ. ಗಾಳಿಯಾಡದ ಒಳಾಂಗಣ ರೇಂಜುಗಳಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿಂದ ಬಟ್ಟೆಯ ಮೂಲಕ ಮನೆಗೆ ಬರುತ್ತದೆ; ಮನೆಯಲ್ಲಿ ನೆಲದ ಮೇಲೆ ಅಂಬೆಗಾಲಿಡುವ ಕೂಸಿನ ಕೈಗೆ, ಕೈಯಿಂದ ಬಾಯಿಗೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹವು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಾಲು ಹೆಚ್ಚನ್ನು ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಹಾಗೆ ಸೇರಿದ ಸೀಸವು ಸುಣ್ಣದಂತೆ ಮೂಳೆಯಲ್ಲಿ ಅಡಗಿ ದಶಕಗಳ ಕಾಲ ಉಳಿಯುತ್ತದೆ. ಹೆಣ್ಣುಮಕ್ಕಳಲ್ಲಿ ಗರ್ಭಧಾರಣೆಯ ಕಾಲಕ್ಕೆ ಹೊರಬಂದು ಹೊಟ್ಟೆಯ ಶಿಶುವನ್ನೂ ಮುಟ್ಟುತ್ತದೆ. ಹೊಟ್ಟೆ ಹಿಂಡಿದಂತಾಗುವುದು, ಮಲಬದ್ಧತೆ, ರಕ್ತಹೀನತೆ, ಕಾರಣವಿಲ್ಲದ ದಣಿವು, ಮಕ್ಕಳಲ್ಲಿ ಬುದ್ಧಿಯ ಮಂದತೆ ಮತ್ತು ಚಂಚಲತೆ ಇದರ ಲಕ್ಷಣಗಳು. ಎಷ್ಟೋ ವೇಳೆ ಯಾವ ಲಕ್ಷಣವೂ ಕಾಣದೆ ಹಾನಿ ನಡೆದಿರುತ್ತದೆ. ಸೀಸಕ್ಕೆ ‘ಇಷ್ಟರವರೆಗೆ ನಿರಪಾಯ’ ಎಂಬ ಮಟ್ಟ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ ೩.೫ ಮೈಕ್ರೋಗ್ರಾಂ ಇದ್ದರೇ ವಿಚಾರಿಸಬೇಕೆಂದು ೨೦೨೧ರಲ್ಲಿ ಅಮೆರಿಕಾದ ರೋಗನಿಯಂತ್ರಣ ಕೇಂದ್ರವು ತನ್ನ ಗಡಿಯನ್ನು ಕೆಳಗಿಳಿಸಿತು. ೨೦೦೦ದಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದ ಮೇಲೆ ಆ ಕಂಟಕವೇ ತೊಲಗಿತೆಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ.

ವಿಚಿತ್ರವೆಂದರೆ, ಸೀಸವನ್ನು ಬಿಟ್ಟು ಓಡಿಬಂದವರನ್ನು ವಿಶ್ವನಾಥ ಗಲ್ಲಿಯಲ್ಲೂ ಸೀಸ ಎದುರುಗೊಳ್ಳಬಹುದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವ ನಮ್ಮ ಮನೆಗಳ ಹಳೆಯ ಕುಂಕುಮ ಬೇರೆ, ಕಿತ್ತಳೆಗೆಂಪಿನ ಸಿಂಧೂರ ಬೇರೆ. ಸಿಂಧೂರಕ್ಕೆ ಆ ಹೊಳಪು ಬರಲೆಂದು ಸೀಸದ ಆಕ್ಸೈಡನ್ನು ಸೇರಿಸುವುದುಂಟು. ೨೦೧೭ರಲ್ಲಿ ಅಮೆರಿಕಾದ ರಟ್ಗರ್ಸ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿಯಲ್ಲಿಯೂ ಮುಂಬಯಿ-ದೆಹಲಿಗಳಲ್ಲಿಯೂ ಕೊಂಡ ೧೧೮ ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿದಾಗ ಐದರಲ್ಲಿ ನಾಲ್ಕರಷ್ಟರಲ್ಲಿ ಸ್ವಲ್ಪವಾದರೂ ಸೀಸವಿತ್ತು. ಸುಮಾರು ಮೂರನೆಯ ಒಂದು ಭಾಗವು ಅಲ್ಲಿನ ಸರ್ಕಾರದ ಮಿತಿಯನ್ನು ಮೀರಿತ್ತು. ಗಲ್ಲಿಯ ಯಾವ ಅಂಗಡಿಯದು ಹೇಗಿದೆಯೆಂದು ಕಣ್ಣಿನಿಂದ ನೋಡಿ ಹೇಳಲಾಗದು. ದೇವರಿಗೆ ಏರಿಸಲು ಅಡ್ಡಿಯಿಲ್ಲ. ಎಳೆಯ ಮಗುವಿನ ಹಣೆಗೆ ಬಳಿಯುವುದು ಬೇಡ, ಹಚ್ಚಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರುವುದೂ ಬೇಡ. ಎರಕದ ಹಿತ್ತಾಳೆಯಲ್ಲಿಯೂ ಕೆಲಸ ಸುಲಭವಾಗಲೆಂದು ತುಸು ಸೀಸ ಬೆರೆಸುತ್ತಾರೆ. ದೀಪ, ಗಂಟೆಗಳಿಗೆ ಚಿಂತೆಯಿಲ್ಲ. ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಣಿಸೆಯ ಸಾರು, ಮಜ್ಜಿಗೆಗಳನ್ನು ಮಾತ್ರ ಇಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ವೃಥಾ ಅಲ್ಲ.

ಗುರಿ ಹೊಡೆಯುವ ಹವ್ಯಾಸವನ್ನೇ ಬಿಡಿರೆಂದು ನಾನು ಹೇಳಲಾರೆ. ಏಕಾಗ್ರತೆಯನ್ನು ಕಲಿಸುವ ಒಳ್ಳೆಯ ಕ್ರೀಡೆ ಅದು. ಆದರೆ ರೇಂಜಿನಲ್ಲಿ ತಿನ್ನುವುದು-ಕುಡಿಯುವುದು ಸಲ್ಲದು. ಮುಗಿದೊಡನೆ ಸಾಬೂನಿನಿಂದ ಕೈ-ಮುಖ ತೊಳೆಯಬೇಕು, ಆ ಬಟ್ಟೆಯನ್ನು ಕೊಡವದೆ ಪ್ರತ್ಯೇಕವಾಗಿ ಒಗೆಯಬೇಕು. ಕಿವಿಯ ಕಾಪನ್ನು ಒಂದು ಹೊಡೆತಕ್ಕೂ ತೆಗೆಯಕೂಡದು. ಕೋವಿಯ ಶಬ್ದ ೧೪೦ ಡೆಸಿಬೆಲ್ ದಾಟುತ್ತದೆ, ಒಂದೇ ಸದ್ದಿಗೆ ಕಿವಿಯ ಶಕ್ತಿ ಶಾಶ್ವತವಾಗಿ ಕುಂದಬಹುದು. ವಾರವಾರವೂ ಹೋಗುವವರು ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಚೀಲ ಆ ಕೆಲಸಕ್ಕೇ ಮೀಸಲಾಗಿರಲಿ. ಊರಿಗೆ ಹೊರಡುವ ಹಿಂದಿನ ರಾತ್ರಿ ಆತುರದಲ್ಲಿ ಕೈಗೆ ಸಿಕ್ಕಿದ ಚೀಲಕ್ಕೆ ಬಟ್ಟೆ ತುಂಬುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ನನಗೂ ಇದೆ.

ಚೌಕಿಯಿಂದ ಹೊರಬಂದು ಗಲ್ಲಿಗೆ ಮರಳಿದಾಗ ಮುದುಕನ ಅಂಗಡಿ ಇನ್ನೂ ತೆರೆದಿತ್ತು. ಬೆಳಗಿನ ಹೂವು ಬಾಡಿತ್ತು. ಅವನು ಹಣ ಕೇಳದೆ ಹೊಸ ಬುಟ್ಟಿ ಕೊಟ್ಟ. ದರ್ಶನವಾಯಿತು. ಅಳಿಯ ಪಕ್ಕದ ಅಂಗಡಿಯಲ್ಲಿ ಒಂದು ಬಟ್ಟೆಯ ಕೈಚೀಲ ಕೊಂಡು, ಮಗಳಿಗೆಂದು ತೆಗೆದ ಮರದ ಬೊಂಬೆಗಳನ್ನೂ ಹೊಸ ಪೇಡೆಯನ್ನೂ ಅದರಲ್ಲಿ ಇಟ್ಟುಕೊಂಡ. ಹಳೆಯ ಚೀಲದ ಪ್ರತಿಯೊಂದು ಜೇಬನ್ನೂ ವಸತಿಗೃಹದ ದೀಪದ ಕೆಳಗೆ ಒಳಹೊರಗು ಮಾಡಿ ನೋಡಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದೆವು. “ಅಮ್ಮನಿಗೆ ಇದನ್ನು ಹೇಳಬೇಡಿ ಮಾವ” ಎಂದ. ಹೇಳಲಿಲ್ಲ. ಆದರೆ ಬೆಂಗಳೂರಿಗೆ ಬಂದ ಮೂರನೆಯ ದಿನ ಅವನೇ ಹೇಳಿದನಂತೆ.