ಬೆರಳಿನ ಬಾವೇ ಪಾಠವಾಯಿತು

ಸೋದರಿಯರೇ, ನಿಮ್ಮ ಮನೆಯಲ್ಲೂ ನರ್ಸಿಂಗ್ ಓದುವ ಮಗಳಿದ್ದಾಳೆಯೇ? ದಬ್ಬೇಘಟ್ಟಕ್ಕೆ ರಜಕ್ಕೆ ಬಂದ ನನ್ನವಳು "ಅಮ್ಮ, ಈ ಉರಿಯೂತದ ಪಾಠ ತಲೆಗೇ ಹತ್ತಲ್ಲ, ಓದು ಬಿಟ್ಬಿಡ್ತೀನಿ" ಅಂತ ಅತ್ತಳು. ಅದೇ ವಾರ ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ತೆಗೆಯುವಾಗ ನನ್ನ ಬೆರಳಿಗೆ ಸಿಬಿರು ಹೊಕ್ಕಿತು. ಮಾರನೆಯ ದಿನ ಕೆಂಪು, ಬಿಸಿ, ಬಾವು, ನೋವು. "ಪುಸ್ತಕದ ನಾಲ್ಕೂ ಇಲ್ಲೇ ಇವೆಯಲ್ಲಮ್ಮ!" ಎಂದಳು.

ಚುಚ್ಚಿದ ಕಡೆ ಹಿಸ್ಟಮಿನ್ ಹೊರಬಿದ್ದು ರಕ್ತನಾಳ ಹಿಗ್ಗುತ್ತದೆ; ಅದಕ್ಕೇ ಕೆಂಪು, ಬಿಸಿ. ನಾಳದಿಂದ ನೀರು ಜಿನುಗಿ ಬಾವು. ಹಿಂದೆಯೇ ಬಿಳಿ ರಕ್ತಕಣಗಳು ಬಂದು ರೋಗಾಣು ನುಂಗುತ್ತವೆ; ಸತ್ತ ಕಣಗಳೇ ಕೀವು. 1882ರಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಯೇ ಕಣಗಳು ಮುತ್ತುವುದನ್ನು ಕಂಡರಂತೆ.

ನಾನು ಹಿಸುಕಹೋದರೆ ಕೈ ಹಿಡಿದಳು. "ಸೋಂಕು ಒಳಕ್ಕೆ ಹರಡೀತು!" ಡಾಕ್ಟರರ ಹತ್ತಿರ ಸಿಬಿರು ತೆಗೆಸಿ, ಧನುರ್ವಾಯುವಿನ ಚುಚ್ಚುಮದ್ದೂ ಹಾಕಿಸಿದಳು. ಸೋಮವಾರ ತಾನೇ ಬ್ಯಾಗು ತುಂಬಿಕೊಂಡು ತುರುವೇಕೆರೆ ಬಸ್ಸು ಹತ್ತಿದಳು.