22 ವರ್ಷದ ಮುನಿಸು

ಇಂದಿನ ಧರ್ಮಪುರಿಗೆ ಹಿಂದೆ ತಗಡೂರು ಎಂಬ ಹೆಸರಿತ್ತು. ಅಲ್ಲಿ ದೊರೆತ ಕ್ರಿ.ಶ. 893ರ ಕನ್ನಡ ಶಾಸನವೊಂದು, ನೊಳಂಬ ದೊರೆ ಮಹೇಂದ್ರನ ಆಳ್ವಿಕೆಯಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ಸೋದರರು ಆ ಊರಿನಲ್ಲಿ ಬಸದಿಯೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಬಸದಿಯಿದ್ದಲ್ಲಿ ಪುರಾಣಶ್ರವಣವೂ ಇದ್ದೀತು. ಜೈನರ ರಾಮಕಥೆಯಲ್ಲಿ ಬರುವ ಅಂಜನೆ-ಪವನಂಜಯರ ವೃತ್ತಾಂತ ಈ ನೆಲದ ಕಿವಿಗೂ ಬಿದ್ದಿರಬಹುದೆಂದು ಊಹಿಸುವುದು ಅತಿಶಯವಲ್ಲ.

ಈಗಿನ ಐತಿಹಾಸಿಕ ಪ್ರೇಮಕಾದಂಬರಿಗಳಲ್ಲಿ ಓದುಗರು ಬಹುವಾಗಿ ಮೆಚ್ಚುವ ಎಳೆಯೊಂದಿದೆ: ಮದುವೆಯಾಗಿ, ಮುನಿದು, ಬೇರೆಯಾದ ಗಂಡಹೆಂಡಿರು ವರ್ಷಗಳ ತರುವಾಯ ಮತ್ತೆ ಎದುರುಬದುರಾಗುವುದು. ಕೋಟೆ, ಕುದುರೆ, ಯುದ್ಧಗಳೆಲ್ಲ ಹಿನ್ನೆಲೆ. ಮುಂದಿನ ಪುಟದಲ್ಲಿ ಅವರು ಮಾತನಾಡುವರೋ ಇಲ್ಲವೋ ಎಂಬುದೇ ಕುತೂಹಲ. ಇದನ್ನು ಹೊರದೇಶದಿಂದ ಬಂದ ಹೊಸ ಸರಕೆಂದು ತಿಳಿಯಬೇಕಾಗಿಲ್ಲ. ಕನ್ನಡ ಮತ್ತು ತಮಿಳು ಎರಡನ್ನೂ ಬಲ್ಲ ನಮ್ಮಂಥ ಮನೆಗಳಿಗಂತೂ ಈ ಎಳೆಯ ಹಳೆಯ ನೂಲು ಎರಡೂ ಕಡೆಯಿಂದ ಸಿಕ್ಕುತ್ತದೆ. ದಾಂಪತ್ಯದ ಮೊಕದ್ದಮೆಗಳನ್ನು ನಡೆಸುವ ವಕೀಲನಾಗಿ ನಾನು ಈ ಕಥೆಗಳನ್ನು ಓದುವ ಬಗೆ ಪಂಡಿತರದಲ್ಲ. ಯಾರು ಯಾರನ್ನು ಬಿಟ್ಟರು, ಯಾವ ಕಾರಣಕ್ಕೆ, ಹಿಂದಿರುಗಿದಾಗ ಯಾರು ಏನು ಕೇಳಿದರು, ಅದಕ್ಕೆ ಸಾಕ್ಷಿ ಯಾರು ಎಂಬುದರ ಮೇಲೆಯೇ ಕಣ್ಣು ಹೋಗುತ್ತದೆ.

ಅಂಜನೆಯ ಕಥೆಯನ್ನು ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ ವಿಸ್ತಾರವಾಗಿ ಹೇಳುತ್ತದೆ. ಅಭಿನವ ಪಂಪನೆನಿಸಿದ ನಾಗಚಂದ್ರನು ಕನ್ನಡದಲ್ಲಿ ರಾಮಚಂದ್ರಚರಿತ ಪುರಾಣವನ್ನು ಬರೆದದ್ದು ಇದೇ ಪರಂಪರೆಯನ್ನು ಹಿಡಿದು. 13ನೆಯ ಶತಮಾನದ ಹಸ್ತಿಮಲ್ಲನು ಈ ದಂಪತಿಗಳ ಹೆಸರನ್ನೇ ಇಟ್ಟು ಸಂಸ್ಕೃತದಲ್ಲಿ ನಾಟಕವನ್ನೂ ರಚಿಸಿದನು.

ಕಥೆ ಹೀಗಿದೆ. ವಿದ್ಯಾಧರ ರಾಜಕುಮಾರ ಪವನಂಜಯನಿಗೆ ಅಂಜನಾಸುಂದರಿಯೊಡನೆ ಮದುವೆ ನಿಶ್ಚಯವಾಗಿದೆ. ಮದುವೆಯ ದಿನದವರೆಗೆ ಕಾಯಲಾರದೆ ಅವನು ಗೆಳೆಯ ಪ್ರಹಸಿತನೊಡನೆ ಗುಟ್ಟಾಗಿ ಅವಳನ್ನು ನೋಡಲು ಹೋಗುತ್ತಾನೆ. ಆ ಹೊತ್ತಿಗೆ ಅವಳ ಸಖಿಯೊಬ್ಬಳು ಬೇರೊಬ್ಬ ರಾಜಕುಮಾರನನ್ನು ಹೊಗಳುತ್ತಿರುತ್ತಾಳೆ. ಅಂಜನೆ ಏನನ್ನೂ ಹೇಳುವುದಿಲ್ಲ. ಅವಳ ಮೌನವನ್ನು ಅವನು ಸಮ್ಮತಿಯೆಂದು ಓದಿಕೊಳ್ಳುತ್ತಾನೆ. ಮದುವೆಯನ್ನು ಮುರಿಯುವುದಿಲ್ಲ, ಮದುವೆಯಾಗಿ ತೊರೆಯುವೆನೆಂದು ಮನಸ್ಸಿನಲ್ಲೇ ತೀರ್ಮಾನಿಸುತ್ತಾನೆ. ಹಾಗೆಯೇ ಮಾಡುತ್ತಾನೆ. ಒಂದೇ ಅರಮನೆಯಲ್ಲಿದ್ದೂ 22 ವರ್ಷ ಅವಳ ಮುಖವನ್ನು ನೋಡುವುದಿಲ್ಲ. ತಾನೇಕೆ ಶಿಕ್ಷೆಗೆ ಗುರಿಯಾದೆನೆಂಬುದು ಅವಳಿಗೆ ತಿಳಿಯದು.

ಈಗಿನ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಸಕಾರಣವಿಲ್ಲದೆ ಎರಡು ವರ್ಷ ಸತತವಾಗಿ ತೊರೆದಿದ್ದರೆ ಅದು ಪರಿತ್ಯಾಗ, ವಿಚ್ಛೇದನಕ್ಕೆ ಸಾಕಾದ ಆಧಾರ. ಅಂಜನೆ ಅದರ ಹನ್ನೊಂದು ಪಾಲು ಕಾದಳು. ಇಲ್ಲಿ ನನ್ನನ್ನು ಕಾಡುವುದು ಅವಧಿಯ ಉದ್ದಕ್ಕಿಂತ ಅದರ ಮೂಲ. ಒಂದು ಪ್ರಶ್ನೆಯನ್ನು ಕೇಳಿದ್ದರೆ ಆ ಸಂಜೆಯೇ ಮುಗಿಯುತ್ತಿದ್ದ ಸಂಗತಿ ಅದು. ನ್ಯಾಯಾಲಯಕ್ಕೆ ಬರುವ ಅರ್ಜಿಗಳಲ್ಲಿಯೂ ಪುಟಗಟ್ಟಲೆ ಆಪಾದನೆಗಳ ಕೆಳಗೆ ಹೀಗೆ ಯಾರೋ ಆಡಿದ ಮಾತಿಗೆ ಇವಳು ಸುಮ್ಮನಿದ್ದಳು, ಅವನು ಸುಮ್ಮನಿದ್ದನು ಎಂಬ ಒಂದು ಗಂಟು ಇರುವುದುಂಟು. ಅತ್ತೆ ಬೈದಾಗ ಗಂಡ ಬಾಯಿ ತೆರೆಯಲಿಲ್ಲ ಎಂಬುದು ಅದರ ಅತ್ಯಂತ ಪರಿಚಿತ ರೂಪ.

ಯುದ್ಧಕ್ಕೆ ಹೊರಟ ಪವನಂಜಯನು ದಾರಿಯಲ್ಲಿ ಮಾನಸಸರೋವರದ ದಡದಲ್ಲಿ ಬೀಡುಬಿಡುತ್ತಾನೆ. ಸಂಜೆಗೆ ಸಂಗಾತಿಯಿಂದ ಅಗಲಿದ ಹೆಣ್ಣು ಚಕ್ರವಾಕವೊಂದು ನೀರಿನ ಮೇಲೆ ಹೊರಳಾಡಿ ಅರಚುವುದನ್ನು ಕಾಣುತ್ತಾನೆ. ಒಂದು ಇರುಳಿನ ಅಗಲಿಕೆಗೆ ಹಕ್ಕಿ ಇಷ್ಟು ನೊಂದರೆ, 22 ವರ್ಷ ಅವಳು ಏನು ಪಟ್ಟಿರಬೇಕು ಎಂಬುದು ಆಗ ಅವನಿಗೆ ಹೊಳೆಯುತ್ತದೆ. ಅದೇ ರಾತ್ರಿ ಗೆಳೆಯನೊಡನೆ ಹಿಂದಿರುಗಿ ಅವಳ ಬಾಗಿಲಿಗೆ ಬರುತ್ತಾನೆ. ಅವಳು ಕ್ಷಮಿಸುತ್ತಾಳೆ. ಕಾದಂಬರಿಯಾಗಿದ್ದರೆ ಇಲ್ಲಿಗೆ ಮುಗಿಯಬಹುದಿತ್ತು.

ಪುರಾಣಕಾರನು ಇಲ್ಲಿಗೆ ಮುಗಿಸುವುದಿಲ್ಲ. ಅವನ ದೊಡ್ಡತನ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಬೆಳಗಾಗುವ ಮುನ್ನ ಅವನು ಹೊರಟು ನಿಂತಾಗ ಅಂಜನೆ, ತಾವು ಬಂದು ಹೋದದ್ದನ್ನು ಹಿರಿಯರಿಗೆ ತಿಳಿಸಿ ಹೋಗಿ ಎಂದು ಕೇಳಿಕೊಳ್ಳುತ್ತಾಳೆ. ದಂಡಿನ ನಡುವೆ ಹೆಂಡತಿಗಾಗಿ ಹಿಂದಿರುಗಿದೆನೆಂದು ತಂದೆತಾಯಿಗೆ ಹೇಳಲು ಅವನಿಗೆ ನಾಚಿಕೆ. ಗುರುತಿಗೆ ಉಂಗುರವನ್ನು ಕೊಟ್ಟು ಬೇಗ ಬರುವೆನೆಂದು ಹೋಗುತ್ತಾನೆ. ಅವನು ಬರುವುದರೊಳಗೆ ಅವಳ ಬಸಿರು ಕಾಣಿಸಿಕೊಳ್ಳುತ್ತದೆ. ಅತ್ತೆ ಕೇತುಮತಿ ನಂಬುವುದಿಲ್ಲ, ಮನೆಯಿಂದ ಹೊರಡಿಸುತ್ತಾಳೆ. ತವರಿನ ಬಾಗಿಲೂ ಮುಚ್ಚುತ್ತದೆ. ಸಖಿ ವಸಂತಮಾಲೆಯೊಬ್ಬಳನ್ನೇ ಜತೆಗಿಟ್ಟುಕೊಂಡು ಕಾಡಿನ ಗುಹೆಯೊಂದರಲ್ಲಿ ಅವಳು ಹನುಮಂತನನ್ನು ಹೆರುತ್ತಾಳೆ. ಕೊನೆಗೆ ಆಸರೆಯಾಗುವವನು ಸೋದರಮಾವ ಪ್ರತಿಸೂರ್ಯ. ಯುದ್ಧ ಮುಗಿಸಿ ಬಂದ ಪವನಂಜಯನು ಹೆಂಡತಿಯನ್ನು ಕಾಣದೆ ಹುಚ್ಚನಂತೆ ಕಾಡಿನಲ್ಲಿ ಅಲೆದು, ಸಾವಿನ ಅಂಚಿಗೆ ಹೋಗಿ, ಆಮೇಲೆ ಅವಳನ್ನು ಸೇರುತ್ತಾನೆ.

ಉಂಗುರವೆಂಬ ದಾಖಲೆಯಿತ್ತು, ಸಖಿಯ ಸಾಕ್ಷ್ಯವಿತ್ತು. ಆದರೂ ತೀರ್ಪು ಅವಳ ವಿರುದ್ಧವಾಯಿತು. ಗುಟ್ಟಾಗಿ ಕೊಟ್ಟ ಎರಡನೆಯ ಅವಕಾಶದ ಬೆಲೆಯನ್ನು ತೆತ್ತವಳು ಅವಳೊಬ್ಬಳೇ. ನಮ್ಮ ಕಡೆ ಗಂಡ ಬೆಂಗಳೂರಿಗೋ ತಿರುಪ್ಪೂರಿಗೋ ಕೆಲಸಕ್ಕೆ ಹೋಗಿರುತ್ತಾನೆ, ಹೆಂಡತಿ ತವರಿನಲ್ಲಿರುತ್ತಾಳೆ. ಇಬ್ಬರೂ ಮನೆಯವರಿಗೆ ತಿಳಿಯದಂತೆ ಫೋನಿನಲ್ಲಿ ಮಾತನಾಡಿ ರಾಜಿಯಾಗಿರುತ್ತಾರೆ. ಆದರೆ ಎರಡೂ ಮನೆಯ ಹಿರಿಯರು ನ್ಯಾಯಾಲಯದ ಮೆಟ್ಟಿಲಲ್ಲಿ ಪರಸ್ಪರ ಬೆನ್ನು ತಿರುಗಿಸಿ ನಿಂತಿರುತ್ತಾರೆ. ಮಗನಾದವನು ಹಗಲಿನಲ್ಲಿ, ನಾಲ್ಕು ಜನರ ಎದುರಿಗೆ, ಇವಳನ್ನು ನಾನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳದಿದ್ದರೆ ಆ ರಾಜಿ ಆರು ತಿಂಗಳು ಬಾಳುವುದಿಲ್ಲ.

ಈ ಸಂಗತಿಯಲ್ಲಿ ‘ಸಿಲಪ್ಪದಿಕಾರ’ದ ಕೋವಲನು ಪವನಂಜಯನಿಗಿಂತ ಒಂದು ಹೆಜ್ಜೆ ಮುಂದೆ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಪಾಠವನ್ನೂ ಕಲಿಯುವವರಾದ್ದರಿಂದ ಕಣ್ಣಗಿ ಅವರಿಗೆ ಹೊಸಬಳಲ್ಲ. ಹೊಗೇನಕಲ್ಲಿನಲ್ಲಿ ಧುಮುಕಿ, ಮೆಟ್ಟೂರಿನ ಅಣೆಕಟ್ಟನ್ನು ದಾಟಿ ಹೋಗುವ ಕಾವೇರಿಯೇ ಕಡಲನ್ನು ಸೇರುವಲ್ಲಿ ಪುಹಾರ್ ಪಟ್ಟಣವಿತ್ತು. ಅದು ಆ ದಂಪತಿಗಳ ಊರು. ಮಾಧವಿಯ ಮನೆಯಲ್ಲಿ ಸಂಪತ್ತನ್ನೆಲ್ಲ ಕಳೆದು ಹಿಂದಿರುಗಿದ ಗಂಡನನ್ನು ಕಂಡು, ಇನ್ನೂ ಹಣ ಬೇಕಾಗಿರಬೇಕೆಂದು ಬಗೆದು ಕಣ್ಣಗಿ ಕಾಲಂದುಗೆಯನ್ನು ಕೊಡಲು ಮುಂದಾಗುತ್ತಾಳೆ. ಅವನಿಗೆ ಬೇಕಾದದ್ದು ಅದಲ್ಲ. ಅದನ್ನು ಮೂಲಧನವಾಗಿಟ್ಟುಕೊಂಡು ಮದುರೆಯಲ್ಲಿ ಹೊಸ ಬಾಳು ತೊಡಗುವ ಆಸೆ. ಇಬ್ಬರೂ ಕಾಲ್ನಡೆಯಲ್ಲಿ ಹೊರಡುತ್ತಾರೆ. ಮದುರೆಯ ಹೊರವಲಯದ ಗೊಲ್ಲರ ಮನೆಯಲ್ಲಿ ಅವಳು ಅಡುಗೆ ಮಾಡಿ ಬಡಿಸುತ್ತಾಳೆ. ಉಂಡ ಮೇಲೆ ಅವನು ತಾನು ಮಾಡಿದ್ದನ್ನು ನೆನೆದು ಮರುಗುತ್ತಾನೆ. ಆಗ ಕಣ್ಣಗಿ ಏನೂ ಆಗಿಯೇ ಇಲ್ಲವೆಂಬಂತೆ ನಟಿಸುವುದಿಲ್ಲ. ನೀವು ನಡೆದ ದಾರಿ ಮೆಚ್ಚತಕ್ಕದ್ದಲ್ಲ ಎಂಬುದನ್ನು ಮೃದುವಾಗಿ, ಆದರೆ ನೇರವಾಗಿ ಆಡುತ್ತಾಳೆ. ನನ್ನ ಮನಸ್ಸು ಬದಲಾಗದ್ದರಿಂದ ನಿಮ್ಮೊಡನೆ ಎದ್ದು ಬಂದೆನೆಂದು ಸೇರಿಸುತ್ತಾಳೆ. ಅವರಿಗೆ ದೊರೆತ ಎರಡನೆಯ ದಾಂಪತ್ಯ ದಾರಿ ನಡೆದ ಕೆಲವು ದಿನಗಳದ್ದು ಮಾತ್ರ. ಅಂದುಗೆಯನ್ನು ಮಾರಲು ಹೋದ ಕೋವಲನು ಕಳ್ಳನೆಂಬ ಸುಳ್ಳು ಆಪಾದನೆಗೆ ಬಲಿಯಾದನು. ಮುಂದಿನದು ಎಲ್ಲರೂ ಬಲ್ಲದ್ದು. ಕಣ್ಣಗಿಯ ಕೋಪವನ್ನು ಹಾಡುವವರು ಈ ಊಟದ ಎಲೆಯ ಮುಂದಿನ ಮಾತನ್ನು ಮರೆಯುತ್ತಾರೆಂಬುದು ನನ್ನ ಚಿಕ್ಕ ದೂರು.

ದಮಯಂತಿಯದು ಇನ್ನೂ ಬೇರೆ ಬಗೆ. ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ಯನ್ನು ರಚಿಸಿ ಕನ್ನಡದ ಮನೆಮನೆಗೆ ತಲುಪಿಸಿದ ಈ ಕಥೆಯ ಮೂಲ ಮಹಾಭಾರತದಲ್ಲಿದೆ. ಜೂಜಿನಲ್ಲಿ ರಾಜ್ಯವನ್ನು ಸೋತ ನಳನು ಕಾಡಿನಲ್ಲಿ ಮಲಗಿದ್ದ ಹೆಂಡತಿಯ ಸೀರೆಯ ಅರ್ಧವನ್ನು ಹರಿದುಕೊಂಡು ಹೋಗಿಬಿಡುತ್ತಾನೆ. ಮೂಲ ಕಥೆಯ ದಮಯಂತಿ ಕಾದು ಕೂರುವವಳಲ್ಲ. ದೇಶದೇಶಕ್ಕೆ ಬ್ರಾಹ್ಮಣರನ್ನು ಕಳುಹಿಸಿ ಹುಡುಕಿಸುತ್ತಾಳೆ. ಸುಳಿವು ಸಿಕ್ಕೊಡನೆ ಎರಡನೆಯ ಸ್ವಯಂವರವೆಂಬ ಸುದ್ದಿಯನ್ನು ಹಬ್ಬಿಸಿ, ಒಂದೇ ದಿನದಲ್ಲಿ ಅಷ್ಟು ದೂರ ರಥವನ್ನೋಡಿಸಬಲ್ಲವನು ನಳನೊಬ್ಬನೇ ಎಂಬ ಲೆಕ್ಕದ ಮೇಲೆ ಅವನನ್ನು ಕರೆತರಿಸುತ್ತಾಳೆ. ಬಾಹುಕನೆಂಬ ಸಾರಥಿಯಾಗಿ ರೂಪಗೆಟ್ಟು ಬಂದವನನ್ನು ದಾಸಿಯಿಂದ ಪರೀಕ್ಷಿಸುತ್ತಾಳೆ, ಅವನ ಅಡುಗೆಯ ರುಚಿ ನೋಡುತ್ತಾಳೆ, ಕೊನೆಗೆ ಮಕ್ಕಳಿಬ್ಬರನ್ನೂ ಅವನ ಬಳಿಗೆ ಕಳುಹಿಸುತ್ತಾಳೆ. ಮಕ್ಕಳನ್ನು ತಬ್ಬಿ ಅವನು ಅಳುತ್ತಾನೆ. ಅಷ್ಟಾದ ಮೇಲೂ ಅವಳು ಕೇಳದೆ ಬಿಡುವುದಿಲ್ಲ: ತಪ್ಪಿಲ್ಲದ ಹೆಂಡತಿಯನ್ನು ನಿದ್ದೆಯಲ್ಲಿ ಬಿಟ್ಟು ಹೋಗುವವರುಂಟೇ ಎಂದು. ಅವನೂ ಎರಡನೆಯ ಸ್ವಯಂವರದ ಬಗ್ಗೆ ಕೇಳುತ್ತಾನೆ. ಇಬ್ಬರೂ ಉತ್ತರ ಕೊಡುತ್ತಾರೆ. ನಾನು ಕಂಡ ಹಳೆಯ ಕಥೆಗಳಲ್ಲಿ ಅತ್ಯಂತ ಚೊಕ್ಕವಾದ ಸಂಧಾನ ಇದು.

ಉದಯನ-ವಾಸವದತ್ತೆಯರ ಕಥೆಯಲ್ಲಿ ಮುನಿಸಿಗಿಂತ ರಾಜಕಾರಣವೇ ಹೆಚ್ಚು. ಮಂತ್ರಿಯ ತಂತ್ರದಿಂದ ರಾಣಿ ಬೆಂಕಿಯಲ್ಲಿ ಸತ್ತಳೆಂದು ನಂಬಿಸಿ, ಬಳಿಕ ಕೂಡಿಸುವುದು ಅದರ ಕಥಾವಸ್ತು. ಆದರೂ ಅದನ್ನು ಬಿಡುವಂತಿಲ್ಲ, ಅದರ ನಂಟು ನಮ್ಮ ಊರುಗಳೊಡನೆ ಇದೆ. ಈ ಕಥೆಯಿರುವ ‘ಬೃಹತ್ಕಥೆ’ಯನ್ನು ಸಂಸ್ಕೃತಕ್ಕೆ ತಂದನೆಂದು ತಾಮ್ರಶಾಸನ ಹೊಗಳುವ ಗಂಗ ದೊರೆ ದುರ್ವಿನೀತನನ್ನು ‘ಕವಿರಾಜಮಾರ್ಗ’ವು ಕನ್ನಡ ಗದ್ಯಕಾರರಲ್ಲಿ ಎಣಿಸುತ್ತದೆ. ಅವನು ಗೆದ್ದ ಕದನಗಳಲ್ಲಿ ಒಂದಾದ ಪೆರ್ನಗರವನ್ನು ಇತಿಹಾಸಕಾರರು ಇಂದಿನ ಪೆನ್ನಾಗರವೆಂದು ಗುರುತಿಸಿದ್ದಾರೆ. ಕೊಂಗುವೇಳಿರ್ ತಮಿಳಿನಲ್ಲಿ ಬರೆದ ‘ಪೆರುಂಗದೈ’ಗೆ ದುರ್ವಿನೀತನ ಕೃತಿಯೇ ಮೂಲವಾಗಿರಬಹುದೆಂದು ವಿದ್ವಾಂಸರ ಊಹೆ. ಉ.ವೇ. ಸ್ವಾಮಿನಾಥ ಅಯ್ಯರ್ ಅವರು ಅದನ್ನು 1924ರಲ್ಲಿ ಅಚ್ಚುಮಾಡಿಸಿದಾಗ ಓಲೆಗಳ ಮೊದಲೂ ಕೊನೆಯೂ ಕಳೆದುಹೋಗಿದ್ದವು.

ಇನ್ನು ಕಾನೂನು. ಅಗಲಿದವರನ್ನು ಕೂಡಿಸಲು ನಮ್ಮ ಕಾಯಿದೆಯಲ್ಲಿ ಒಂದು ವಿಚಿತ್ರ ಕಲಮಿದೆ. 1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಕಲಮಿನಂತೆ, ಸಕಾರಣವಿಲ್ಲದೆ ದೂರವಾದ ಸಂಗಾತಿ ಹಿಂದಿರುಗಬೇಕೆಂದು ನ್ಯಾಯಾಲಯ ಡಿಕ್ರಿ ಕೊಡಬಹುದು. ಇದು ಬ್ರಿಟಿಷರ ಕಾಲದ ಬಳುವಳಿ. ಬಾಲ್ಯದಲ್ಲಿ ಮದುವೆಯಾಗಿದ್ದ ರುಕ್ಮಾಬಾಯಿ ಗಂಡನ ಮನೆಗೆ ಹೋಗಲೊಲ್ಲದೆ ನಿಂತಾಗ, ಮುಂಬಯಿ ಹೈಕೋರ್ಟು 1887ರಲ್ಲಿ ಹೋಗು, ಇಲ್ಲವೆ ಆರು ತಿಂಗಳ ಸೆರೆವಾಸ ಎಂದಿತು. ಸೆರೆಗೆ ಸಿದ್ಧಳೆಂದ ಅವರು ಮುಂದೆ ಇಂಗ್ಲೆಂಡಿನಲ್ಲಿ ಓದಿ ವೈದ್ಯೆಯಾದರು. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಈ ಕಲಮನ್ನು ಅಸಿಂಧುವೆಂದಿತು. ಮರುವರ್ಷವೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಡಿಕ್ರಿಯಾಗಿ ಒಂದು ವರ್ಷದೊಳಗೆ ಇಬ್ಬರೂ ಕೂಡಿ ಬಾಳದಿದ್ದರೆ ಅದನ್ನೇ ಆಧಾರವಾಗಿಟ್ಟು ವಿಚ್ಛೇದನ ಕೇಳಬಹುದು. ಹೀಗಾಗಿ ಕೂಡಿಸುವ ಕಲಮು ಎಷ್ಟೋ ಬಾರಿ ಬೇರ್ಪಡುವವರ ಏಣಿಯಾಗುತ್ತದೆ. ಆದೇಶದಿಂದ ಹೆಂಡತಿಯನ್ನು ಮನೆಗೆ ತರಬಹುದೆಂದು ನಂಬಿ ಬರುವ ಕಕ್ಷಿದಾರರಿಗೆ ನಾನು ಇದನ್ನು ಮೊದಲೇ ತಿಳಿಸುತ್ತೇನೆ.

ಅದಕ್ಕಿಂತ ವಿವೇಕದ ಮಾತು 23ನೆಯ ಕಲಮಿನಲ್ಲಿದೆ. ಕೆಲವು ಗಂಭೀರ ಕಾರಣಗಳ ಹೊರತು, ಪರಿಹಾರ ಕೊಡುವ ಮುನ್ನ ದಂಪತಿಗಳನ್ನು ರಾಜಿಮಾಡಿಸಲು ನ್ಯಾಯಾಲಯ ಯತ್ನಿಸಬೇಕು. ಅದಕ್ಕಾಗಿ 15 ದಿನದವರೆಗೆ ವಿಚಾರಣೆಯನ್ನು ಮುಂದೂಡಬಹುದು. ಪವನಂಜಯನ 22 ವರ್ಷಕ್ಕೆ ಹೋಲಿಸಿದರೆ 15 ದಿನ ನಗೆ ತರಿಸೀತು, ಆದರೆ ಚಕ್ರವಾಕದ ಕೂಗಿಗೆ ಒಂದು ಸಂಜೆ ಸಾಕಾಗಿತ್ತು. ಒಮ್ಮತದ ವಿಚ್ಛೇದನಕ್ಕೂ ಆರು ತಿಂಗಳ ಕಾಯುವಿಕೆಯಿದೆ. ಕೂಡುವ ಆಸೆಯೇ ಇಲ್ಲದಿದ್ದಲ್ಲಿ ನ್ಯಾಯಾಲಯ ಅದನ್ನು ಸಡಿಲಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

1975ರ ದಾಸ್ತಾನೆ ಪ್ರಕರಣದ ತೀರ್ಪನ್ನು ಕಿರಿಯ ವಕೀಲರು ಕ್ರೌರ್ಯದ ವ್ಯಾಖ್ಯೆಗಾಗಿ ಓದುತ್ತಾರೆ. ಅದರಲ್ಲಿ ಕ್ಷಮೆಯ ವ್ಯಾಖ್ಯೆಯೂ ಇದೆ. ತಪ್ಪನ್ನು ಮನ್ನಿಸುವುದರ ಜತೆಗೆ, ತಪ್ಪಿದವರನ್ನು ಮೊದಲಿನ ಸ್ಥಾನದಲ್ಲಿಯೇ ಕೂರಿಸಿದರೆ ಮಾತ್ರ ಅದು ಕಾನೂನಿನ ಕಣ್ಣಿಗೆ ಕ್ಷಮೆ. ಆ ಕ್ಷಮೆಗೆ ಒಂದು ಷರತ್ತೂ ಅಂಟಿಕೊಂಡಿದೆ: ಅಪರಾಧ ಮರುಕಳಿಸಿದರೆ ಹಳೆಯದೂ ಜೀವ ಪಡೆಯುತ್ತದೆ. ಹೊಡೆತ ತಿಂದು ತವರಿಗೆ ಬಂದ ಮಗಳನ್ನು, ಹೇಗಾದರೂ ಹೊಂದಿಕೊಂಡು ಹೋಗೆಂದು ಬರಿಗೈಯಲ್ಲಿ ಹಿಂದೆ ಕಳುಹಿಸುವ ತಂದೆತಾಯಿಗಳು ಈ ಷರತ್ತನ್ನು ನೆನಪಿಡಬೇಕು. ಅಂಥವಳಿಗೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೂ ಮಕ್ಕಳಿಗೂ ವರಮಾನದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ನಮ್ಮವರಿಗೆ ವಿಶೇಷವಾಗಿ ತಿಳಿಸಬೇಕಾದದ್ದು ಭಾಷೆಯ ಸಂಗತಿ. ಸೇಲಂನ ದೇವಾಂಗ ನೇಕಾರರ ಮನೆಯಲ್ಲಾಗಲಿ ಪೆನ್ನಾಗರದ ಕಡೆಯ ಹಳ್ಳಿಯಲ್ಲಾಗಲಿ ಜಗಳ ನಡೆಯುವುದು ಕನ್ನಡದಲ್ಲಿ. ಅರ್ಜಿ ತಯಾರಾಗುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಹೆಂಡತಿ ನನ್ನ ಬಳಿ ‘ಮುನಿಸು’ ಎಂದದ್ದು ಕಾಗದದ ಮೇಲೆ ‘ಕ್ರೌರ್ಯ’ವಾಗಿರುತ್ತದೆ, ಗಂಡ ‘ಬೇಜಾರಾಗಿ ಹೋದೆ’ ಎಂದದ್ದು ‘ಪರಿತ್ಯಾಗ’ವಾಗಿರುತ್ತದೆ. ಎದುರು ಕಕ್ಷಿದಾರರು ಓದುವುದು ಆ ಕಾಗದವನ್ನೇ. ಸಂಧಾನದ ಕೊಠಡಿಯಲ್ಲಿ ಈ ಕಟ್ಟು ಇಲ್ಲ. ಅಲ್ಲಿ ಆಡಿದ ಮಾತು ಗೋಪ್ಯ, ಅದನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಇಬ್ಬರೂ ತಮಗೆ ಒಗ್ಗಿದ ಭಾಷೆಯಲ್ಲಿಯೇ ಮಾತನಾಡಬಹುದು. ಕನ್ನಡ ಬಲ್ಲ ಸಂಧಾನಕಾರರು ಬೇಕೆಂದು ಮೊದಲ ದಿನವೇ ಕೇಳಿಕೊಳ್ಳಿ.