ಹಿಮ ಸೀಳುವ ಹಡಗು ಕಟ್ಟಿಸಿದವನು ಬರೆದ ಗಾಜಿನ ಊರು

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದು ಹಳೆಯ ಹಡಗು ಈಗ ಸಂಗ್ರಹಾಲಯವಾಗಿ ಉಳಿದಿದೆ. ಹೆಸರು ಕ್ರಾಸಿನ್. ಹೆಪ್ಪುಗಟ್ಟಿದ ಕಡಲನ್ನು ಸೀಳಿಕೊಂಡು ನುಗ್ಗಲೆಂದೇ ಕಟ್ಟಿದ ಹಡಗು. 1928ರಲ್ಲಿ ಇಟಲಿಯ ಉಂಬರ್ತೋ ನೊಬಿಲೆಯ ವಾಯುನೌಕೆ ಉತ್ತರ ಧ್ರುವ ಪ್ರದೇಶದ ಹಿಮದ ಮೇಲೆ ಬಿದ್ದು ಒಡೆದಾಗ, ಬದುಕುಳಿದವರು ತೇಲುವ ಮಂಜುಗಡ್ಡೆಯ ಮೇಲೆ ಗುಡಾರ ಹಾಕಿಕೊಂಡು ವಾರಗಟ್ಟಲೆ ದಾರಿ ಕಾಯುತ್ತಿದ್ದರು. ಅವರ ಬಳಿಗೆ ಹಿಮ ಒಡೆದುಕೊಂಡು ಹೋದದ್ದು ಇದೇ ಕ್ರಾಸಿನ್. ಸೋವಿಯತ್ ಒಕ್ಕೂಟ ಆ ಸಾಹಸವನ್ನು ಲೋಕವೆಲ್ಲ ಸಾರಿತು. ಈಗ ನೋಡಿ ಸೋಜಿಗ! ಆ ಹಡಗು ಒಂದು ದಶಕದ ಹಿಂದೆ ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ತಯಾರಾಗುತ್ತಿದ್ದಾಗ, ಮೇಲ್ವಿಚಾರಣೆಗೆಂದು ರಷ್ಯಾ ಕಳಿಸಿದ್ದ ಎಂಜಿನಿಯರುಗಳಲ್ಲಿ ಒಬ್ಬ ಕಾದಂಬರಿಕಾರನಿದ್ದ. ಯೆವ್ಗೆನಿ ಜಮ್ಯಾತಿನ್. ಹಡಗಿಗೆ ದೇಶವೆಲ್ಲ ಜೈಕಾರ ಹಾಕುತ್ತಿದ್ದ ಹೊತ್ತಿನಲ್ಲಿ, ಅವನ ಒಂದು ಕಾದಂಬರಿಗೆ ಅದೇ ದೇಶದಲ್ಲಿ ಅಚ್ಚಿನ ಮನೆಯ ಬಾಗಿಲು ಮುಚ್ಚಿತ್ತು. ಮುಂದೆ ಅರವತ್ತು ವರ್ಷ ಅದು ತೆರೆಯಲೇ ಇಲ್ಲ.

ಕಾದಂಬರಿಯ ಹೆಸರು 'ನಾವು'. ಬರೆದದ್ದು 1920-21ರಲ್ಲಿ.

ಆ ವರ್ಷವನ್ನು ಇನ್ನೊಮ್ಮೆ ಓದಿಕೊಳ್ಳಿ. ಸ್ಟಾಲಿನ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದದ್ದು 1922ರಲ್ಲಿ. ಮುಸೊಲಿನಿ ಇನ್ನೂ ಪ್ರಧಾನಿಯಾಗಿರಲಿಲ್ಲ. ಜರ್ಮನಿಯಾಚೆ ಹಿಟ್ಲರನ ಹೆಸರು ಕೇಳಿದವರು ವಿರಳ. ಇಪ್ಪತ್ತನೇ ಶತಮಾನದ ಸರ್ವಾಧಿಕಾರಗಳು ಕಣ್ಣು ಬಿಡುವ ಮೊದಲೇ ಈ ಮನುಷ್ಯ ಅವುಗಳ ಮುಖ ಬರೆದಿಟ್ಟಿದ್ದ!

ಅವನು ಕಟ್ಟಿದ ಊರಿನೊಳಗೆ ಕಾಲಿಟ್ಟರೆ ಮೈ ಜುಮ್ಮೆನ್ನುತ್ತದೆ. ನೂರಾರು ವರ್ಷಗಳ ನಂತರದ ಕಾಲ. ಗೋಡೆ, ಛಾವಣಿ, ಮೇಜು, ಎಲ್ಲವೂ ಗಾಜು. ಯಾರು ಏನು ಮಾಡುತ್ತಿದ್ದಾರೆಂದು ಎಲ್ಲರಿಗೂ ಕಾಣುತ್ತದೆ. ಮನುಷ್ಯರಿಗೆ ಹೆಸರಿಲ್ಲ, ಅಂಕಿಯಿದೆ. ಅವರನ್ನು ಕರೆಯುವುದೂ 'ಸಂಖ್ಯೆಗಳು' ಎಂದೇ. ಏಳುವುದು, ಕೆಲಸಕ್ಕೆ ಹೊರಡುವುದು, ಮಲಗುವುದು, ಎಲ್ಲಕ್ಕೂ ಗೋಡೆಯ ಮೇಲೆ ಗಳಿಗೆ ಪಟ್ಟಿಯಿದೆ. ಒಂದೇ ಕ್ಷಣದಲ್ಲಿ ಲಕ್ಷಾಂತರ ಚಮಚಗಳು ಬಾಯಿಗೇರುತ್ತವೆ. ತುತ್ತೊಂದಕ್ಕೆ ಐವತ್ತು ಸಲ ಅಗಿಯಬೇಕೆಂದು ಕಾಯಿದೆ. ಪರದೆ ಇಳಿಸಿಕೊಳ್ಳಬೇಕಾದರೆ ಗುಲಾಬಿ ಬಣ್ಣದ ಚೀಟಿ ಬೇಕು. ಆ ಚೀಟಿ ಸಿಗುವುದು ಸರ್ಕಾರ ಗೊತ್ತುಮಾಡಿದ ದಿನ, ನೋಂದಾಯಿಸಿಕೊಂಡ ಜೊತೆಗಾರರೊಡನೆ ಕೂಡಲು ಮಾತ್ರ. ಊರಿನ ಸುತ್ತ ಹಸಿರು ಗೋಡೆ, ಅದರಾಚೆ ಕಾಡು. ತಲೆಯ ಮೇಲೆ 'ಮಹೋಪಕಾರಿ' ಎಂಬ ಒಬ್ಬನೇ ಒಬ್ಬ ಒಡೆಯ. ವರ್ಷಕ್ಕೊಮ್ಮೆ ಏಕಾಭಿಪ್ರಾಯದ ದಿನ ಚುನಾವಣೆ ನಡೆಯುತ್ತದೆ. ಎಲ್ಲರೂ ಎಲ್ಲರಿಗೂ ಕಾಣುವಂತೆ ಕೈ ಎತ್ತುತ್ತಾರೆ. ಹಳೆಯ ಕಾಲದವರು ಕಳ್ಳರ ಹಾಗೆ ಗುಟ್ಟಾಗಿ ಮತ ಹಾಕುತ್ತಿದ್ದರಂತೆ ಎಂದು ಕಥೆ ಹೇಳುವವನು ಅಚ್ಚರಿಪಡುತ್ತಾನೆ.

ಈ ಕಥೆ ಹೇಳುವವನೇ ಪುಸ್ತಕದ ಪ್ರಾಣ. ಡಿ-503 ಎಂಬ ಗಣಿತಜ್ಞ, 'ಇಂಟೆಗ್ರಲ್' ಎಂಬ ಅಂತರಿಕ್ಷ ನೌಕೆ ಕಟ್ಟುತ್ತಿರುವವನು. ಬೇರೆ ಗ್ರಹದವರಿಗೂ ಈ ಸುಖವನ್ನು ಮುಟ್ಟಿಸಬೇಕು, ಒಪ್ಪದಿದ್ದರೆ ಬಲವಂತದಿಂದಲಾದರೂ ಸುಖಿಗಳನ್ನಾಗಿ ಮಾಡಬೇಕು ಎಂಬುದು ನೌಕೆಯ ಉದ್ದೇಶ. ಅದರಲ್ಲಿ ಕಳಿಸಲೆಂದೇ ಅವನು ಟಿಪ್ಪಣಿ ಬರೆಯುತ್ತಾನೆ. ಅಂಥ ನಲವತ್ತು ಟಿಪ್ಪಣಿಗಳೇ ಕಾದಂಬರಿ. ಅವನು ಬಂಡಾಯಗಾರನಲ್ಲ, ನೊಂದವನೂ ಅಲ್ಲ. ತನ್ನ ಪ್ರಭುತ್ವವನ್ನು ಮನಸಾರೆ ಪ್ರೀತಿಸುವವನು! ಹಳೆಯ ಕಾಲದ ರೈಲ್ವೆ ವೇಳಾಪಟ್ಟಿಯೇ ಪ್ರಾಚೀನ ಸಾಹಿತ್ಯದ ಮಹಾಕೃತಿ ಎಂದು ನಂಬಿದವನು. ಅವನ ಎದೆಯಲ್ಲಿ ಒಂದೇ ಮುಳ್ಳು: ಶಾಲೆಯಲ್ಲಿ ಕಲಿಸಿದ ಮೈನಸ್ ಒಂದರ ವರ್ಗಮೂಲ. ಲೆಕ್ಕಕ್ಕೆ ಬರುತ್ತದೆ, ಕೈಗೆ ಸಿಗುವುದಿಲ್ಲ. ಎಳೆಯ ವಯಸ್ಸಿನಲ್ಲಿ ಅದನ್ನು ಕೇಳಿ ಅವನು ಅತ್ತುಬಿಟ್ಟಿದ್ದ. ಇನ್ನೊಂದು ನಾಚಿಕೆ ಅವನ ಕೈಗಳದು. ರೋಮ ತುಂಬಿದ, ಕಾಡಿನ ನೆನಪು ಹೊತ್ತ ಕೈಗಳು. ಯಾರಾದರೂ ನೋಡಿದರೆ ಅವನಿಗೆ ಸಹಿಸಲಾಗುವುದಿಲ್ಲ.

ಒಂದು ದೃಶ್ಯದ ಹತ್ತಿರ ಹೋಗಿ ನಿಲ್ಲೋಣ. ಇಂಟೆಗ್ರಲ್‌ನ ಎಂಜಿನ್ ಪರೀಕ್ಷೆ. ಬೆಂಕಿ ಉಗುಳುವ ಕೊಳವೆಯ ಕೆಳಗೆ ಹತ್ತು ಮಂದಿ ಕೆಲಸಗಾರರು ಎಚ್ಚರ ತಪ್ಪಿ ನಿಂತುಬಿಟ್ಟಿದ್ದಾರೆ. ಸ್ಫೋಟ. ಹತ್ತೂ ಜನ ಆವಿಯಾದರು, ಒಂದಷ್ಟು ಚೂರು, ಒಂದಷ್ಟು ಮಸಿ. ಉಳಿದವರ ಕೈ ಒಂದು ಕ್ಷಣವೂ ನಿಲ್ಲಲಿಲ್ಲ, ಕೆಲಸದ ಲಯ ತಪ್ಪಲಿಲ್ಲ. ಡಿ-503 ಇದನ್ನು ಹೆಮ್ಮೆಯಿಂದ ಬರೆದುಕೊಳ್ಳುತ್ತಾನೆ. ಇಷ್ಟು ದೊಡ್ಡ ರಾಜ್ಯದಲ್ಲಿ ಹತ್ತು ಜನವೆಂದರೆ ಲೆಕ್ಕಕ್ಕೇ ಬಾರದ ಭಾಗ ಎಂದು ದಶಾಂಶ ಹಾಕಿ ಸಮಾಧಾನಪಡುತ್ತಾನೆ. ಲೇಖಕ ಒಂದು ಮಾತೂ ಆಡುವುದಿಲ್ಲ, ಛೀ ಎನ್ನುವುದಿಲ್ಲ. ಆ ಹೆಮ್ಮೆಯ ದನಿಯನ್ನು ನಮ್ಮ ಕಿವಿಗೆ ಬಿಟ್ಟು ಸುಮ್ಮನಾಗುತ್ತಾನೆ. ಅಲ್ಲೇ ಬೆನ್ನುಮೂಳೆ ತಣ್ಣಗಾಗುತ್ತದೆ.

ಇದನ್ನೆಲ್ಲ ಅವನು ಎಲ್ಲಿಂದ ತಂದ? ಇಲ್ಲಿಂದ ಮುಂದೆ ಬೆರಗಿನ ಮೇಲೆ ಬೆರಗು. ಮೊದಲ ಬೀಜ ಸಿಗುವುದು ರಷ್ಯಾದಲ್ಲಲ್ಲ, ಇಂಗ್ಲೆಂಡಿನಲ್ಲಿ! 1916ರಲ್ಲಿ ನ್ಯೂಕ್ಯಾಸಲ್‌ಗೆ ಹೋದ ಜಮ್ಯಾತಿನ್, ಹಗಲು ಹಡಗಿನ ನಕ್ಷೆಗಳ ನಡುವೆ ಇದ್ದುಕೊಂಡೇ ಸುತ್ತಲಿನ ಮಧ್ಯಮವರ್ಗದ ಅಚ್ಚುಕಟ್ಟು ಬದುಕನ್ನು ಬಿಡದೆ ಗಮನಿಸಿದ. ಅದರ ಫಲ 'ದ್ವೀಪವಾಸಿಗಳು' ಎಂಬ ಕಿರುಕಾದಂಬರಿ. ಅದರಲ್ಲೊಬ್ಬ ಪಾದ್ರಿ. ಊಟಕ್ಕೆ ವೇಳಾಪಟ್ಟಿ, ದಾನಧರ್ಮಕ್ಕೆ ವೇಳಾಪಟ್ಟಿ, ಪಶ್ಚಾತ್ತಾಪಪಡಲು ವಾರಕ್ಕೆ ಎರಡು ದಿನ, ಹೆಂಡತಿಯೊಡನೆ ಕೂಡಲೂ ಗೊತ್ತುಪಡಿಸಿದ ಶನಿವಾರಗಳು! ಜನರನ್ನು ಕಡ್ಡಾಯವಾಗಿ ಉದ್ಧರಿಸಬೇಕೆಂಬ ಸಿದ್ಧಾಂತ ಅವನದು. ಆ ಪಾದ್ರಿಯ ಕೈಗೆ ಒಂದು ರಾಜ್ಯ ಸಿಕ್ಕಿದರೆ? 'ನಾವು' ಹುಟ್ಟುತ್ತದೆ.

ಎರಡನೆಯ ಬೀಜ ಅಮೆರಿಕದ್ದು. ಫ್ರೆಡರಿಕ್ ಟೇಲರ್ ಸ್ಟಾಪ್‌ವಾಚ್ ಹಿಡಿದು ಕಾರ್ಮಿಕನ ಒಂದೊಂದು ಚಲನೆಯನ್ನೂ ಅಳೆದವನು. ಅವನ ವೈಜ್ಞಾನಿಕ ಕಾರ್ಯನಿರ್ವಹಣೆಯ ಪುಸ್ತಕ 1911ರಲ್ಲಿ ಬಂತು. ಕಾದಂಬರಿಯ ಆ ಪ್ರಭುತ್ವಕ್ಕೆ, ಅದರ ಹೆಸರೇ 'ಏಕರಾಜ್ಯ', ಟೇಲರ್‌ನೇ ಪ್ರವಾದಿ. ಹಿಂದಿನವರು ತತ್ವಜ್ಞಾನಿ ಕಾಂಟ್ ಮೇಲೆ ಗ್ರಂಥಾಲಯ ತುಂಬುವಷ್ಟು ಬರೆದು ಟೇಲರ್‌ನನ್ನು ಹೇಗೆ ಮರೆತರೋ ಎಂದು ಡಿ-503 ನಿಜಕ್ಕೂ ಮರುಗುತ್ತಾನೆ.

ಮೂರನೆಯದನ್ನು ತಿಳಿದರೆ ನಂಬಲಾಗುವುದಿಲ್ಲ. ಅದೇ ಕಾಲದ ರಷ್ಯಾದಲ್ಲಿ ಅಲೆಕ್ಸಿ ಗಾಸ್ತೆವ್ ಎಂಬ ಕಾರ್ಮಿಕ ಕವಿಯಿದ್ದ. 1920ರಲ್ಲಿ ಮಾಸ್ಕೋದಲ್ಲಿ ಕೇಂದ್ರೀಯ ಶ್ರಮ ಸಂಸ್ಥೆ ಕಟ್ಟಿದವನು. ಸುತ್ತಿಗೆ ಹೊಡೆಯುವ ತೋಳು ಎಷ್ಟು ಡಿಗ್ರಿ ತಿರುಗಬೇಕೆಂಬುದನ್ನೂ ಶಾಸ್ತ್ರ ಮಾಡಿದವನು. ಮುಂದೊಂದು ದಿನ ಕಾರ್ಮಿಕವರ್ಗದ ಮನಸ್ಸು ಎಷ್ಟು ಏಕರೂಪವಾಗುತ್ತದೆಂದರೆ, ಒಬ್ಬೊಬ್ಬನನ್ನು ಅಕ್ಷರದಿಂದಲೋ ಅಂಕಿಯಿಂದಲೋ ಗುರುತಿಸಬಹುದು ಎಂದು 1919ರಲ್ಲಿ ಅವನು ಬರೆದಿದ್ದ. ವ್ಯಂಗ್ಯವಾಗಿ ಅಲ್ಲ, ಆಸೆಯಿಂದ! ಜಮ್ಯಾತಿನ್‌ನ ಡಿ-503, ಐ-330, ಒ-90 ಎಲ್ಲರೂ ಆ ಆಸೆ ಈಡೇರಿದ ಜಗತ್ತಿನ ಮಕ್ಕಳು. ಗಾಸ್ತೆವ್‌ನ ಪಾಡೇನಾಯಿತು? ಅವನು ನಂಬಿದ ಪ್ರಭುತ್ವವೇ ಅವನನ್ನು ಹಿಡಿದು 1939ರಲ್ಲಿ ಗುಂಡಿಕ್ಕಿತು.

ಜನ ಜಮ್ಯಾತಿನ್‌ನನ್ನು ಭವಿಷ್ಯ ಕಂಡವನು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವನು ಎಂಜಿನಿಯರ್. ನಕ್ಷೆಯ ಮೇಲೆ ಆಗಲೇ ಎಳೆದಿದ್ದ ಗೆರೆಗಳನ್ನು ಹಾಳೆಯ ಅಂಚಿನವರೆಗೆ, ಅಳತೆ ತಪ್ಪದೆ, ಮುಂದುವರಿಸಿದ ಅಷ್ಟೆ. ರೂಪಕ ಕಥೆಯೊಂದು ಎಚ್ಚರಿಕೆಯಾಗಿ ಕೆಲಸ ಮಾಡುವುದು ಹೀಗೆ. ಕಣ್ಣೆದುರಿಗೆ ಇರುವ, ಎಲ್ಲರೂ ಹೊಗಳುತ್ತಿರುವ ಒಂದು ಒಳ್ಳೆಯ ಮಾತನ್ನೇ ಅದು ಕೊನೆಮುಟ್ಟ ನಂಬಿ ನೋಡುತ್ತದೆ.

ಅವನ ಬದುಕಿನಲ್ಲೇ ಒಂದು ಘಟನೆಯಿದೆ, ಕಾದಂಬರಿಯಲ್ಲಿ ಬರೆದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಹಡಗು ಎಂಜಿನಿಯರಿಂಗ್ ಓದುತ್ತಿದ್ದಾಗ ಜಮ್ಯಾತಿನ್ ಬೊಲ್ಷೆವಿಕ್ ಆಗಿದ್ದ. 1905ರ ಕೊನೆಯಲ್ಲಿ ತ್ಸಾರನ ಪೊಲೀಸರು ಹಿಡಿದು ಶ್ಪಾಲೆರ್ನಾಯಾ ಬೀದಿಯ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಹಾಕಿದರು. 1922ರಲ್ಲಿ ಅವನನ್ನು ಮತ್ತೆ ಹಿಡಿದರು, ಈ ಸಲ ಬೊಲ್ಷೆವಿಕ್ ಸರ್ಕಾರದ ಪೊಲೀಸರು. ಒಯ್ದು ಹಾಕಿದ್ದು ಅದೇ ಸೆರೆಮನೆಗೆ. ಅದೇ ಓಣಿಗೆ! ದೊರೆ ಬದಲಾಗಿದ್ದ, ಬೀಗ ಬದಲಾಗಿರಲಿಲ್ಲ.

ಪುಸ್ತಕದ ಪ್ರಯಾಣವೂ ಪತ್ತೇದಾರಿ ಕಥೆಯಂತಿದೆ. ರಷ್ಯನ್ ಭಾಷೆಯಲ್ಲಿ ಬರೆದ ಕಾದಂಬರಿ ಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಿ, 1924ರಲ್ಲಿ, ನ್ಯೂಯಾರ್ಕ್‌ನಲ್ಲಿ. ಅನುವಾದಿಸಿದವನು ಗ್ರೆಗರಿ ಜಿಲ್ಬೂರ್ಗ್ ಎಂಬ ಮನೋವೈದ್ಯ. 1927ರಲ್ಲಿ ಚೆಕ್ ಅನುವಾದ ಬಂತು. ಅದೇ ವರ್ಷ ಪ್ರಾಗ್‌ನಲ್ಲಿದ್ದ ರಷ್ಯನ್ ವಲಸಿಗರ ಪತ್ರಿಕೆಯೊಂದು ಕೆಲವು ಭಾಗಗಳನ್ನು ರಷ್ಯನ್‌ನಲ್ಲೇ ಅಚ್ಚು ಹಾಕಿತು. ಲೇಖಕನ ತಲೆಗೆ ಆಪತ್ತು ಬರದಿರಲೆಂದು ಸಂಪಾದಕ ಮಾರ್ಕ್ ಸ್ಲೋನಿಮ್ ಮೂಲದ ವಾಕ್ಯಗಳನ್ನು ಬೇಕೆಂದೇ ಅಲ್ಲಲ್ಲಿ ತಿರುಚಿ, ಇದು ಚೆಕ್‌ನಿಂದ ಮರಳಿ ಅನುವಾದಿಸಿದ್ದು ಎಂದು ತೋರಿಸಿದ! ಆ ಉಪಾಯ ಫಲಿಸಲಿಲ್ಲ. 1929ರಲ್ಲಿ ಜಮ್ಯಾತಿನ್ ಮೇಲೂ ಇನ್ನೊಬ್ಬ ಲೇಖಕ ಬೊರಿಸ್ ಪಿಲ್ನ್ಯಾಕ್ ಮೇಲೂ ಪತ್ರಿಕೆಗಳು ಮುಗಿಬಿದ್ದವು. ಜಮ್ಯಾತಿನ್‌ನ ಪುಸ್ತಕಗಳು ನಿಂತವು, ನಾಟಕಗಳು ರಂಗದಿಂದ ಇಳಿದವು. ಪಿಲ್ನ್ಯಾಕ್ ತಗ್ಗಿ ನಡೆದ, ಆದರೂ 1938ರಲ್ಲಿ ಗುಂಡಿಗೆ ಬಲಿಯಾದ. ಜಮ್ಯಾತಿನ್ ತಗ್ಗಲಿಲ್ಲ. ಲೇಖಕರ ಸಂಘಕ್ಕೆ ರಾಜೀನಾಮೆ ಬಿಸಾಕಿ, 1931ರಲ್ಲಿ ನೇರ ಸ್ಟಾಲಿನ್‌ಗೇ ಪತ್ರ ಬರೆದ. ಬರೆಯಲು ಬಿಡದಿರುವುದು ಲೇಖಕನಿಗೆ ಮರಣದಂಡನೆ, ಅದರ ಬದಲು ಗಡಿಪಾರು ಕೊಡಿ ಎಂಬುದು ಅದರ ಸಾರ. ಕ್ಷಮೆ ಕೇಳುವ ದನಿ ಅದರಲ್ಲಿಲ್ಲ. ಹಿರಿಯ ಲೇಖಕ ಗೋರ್ಕಿ ನಡುವೆ ನಿಂತ. ಅಚ್ಚರಿಯ ಮೇಲೆ ಅಚ್ಚರಿ, ಸ್ಟಾಲಿನ್ ಒಪ್ಪಿದ! ದೇಶ ಬಿಟ್ಟ ಜಮ್ಯಾತಿನ್ ಪ್ಯಾರಿಸ್‌ನಲ್ಲಿ ಬಡತನದಲ್ಲೇ ದಿನ ಕಳೆದು 1937ರ ಮಾರ್ಚ್‌ನಲ್ಲಿ ತೀರಿಕೊಂಡ. ಇಡೀ ಕಾದಂಬರಿ ರಷ್ಯನ್‌ನಲ್ಲಿ ಅಚ್ಚಾದದ್ದು 1952ರಲ್ಲಿ, ಅದೂ ನ್ಯೂಯಾರ್ಕ್‌ನಲ್ಲಿ. ಅವನ ನಾಡಿನ ಓದುಗರ ಕೈಸೇರಿದ್ದು 1988ರಲ್ಲಿ, 'ಜ್ನಾಮ್ಯಾ' ಮಾಸಪತ್ರಿಕೆಯ ಪುಟಗಳಲ್ಲಿ.

ನಮ್ಮಲ್ಲಿ ಇಂಥ ಎಚ್ಚರಿಕೆಯ ಕಥೆ ಎಂದರೆ ಎಲ್ಲರ ಬಾಯಿಗೂ ಬರುವ ಹೆಸರು ಜಾರ್ಜ್ ಆರ್ವೆಲ್. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು ಎಂಬ ಸಲುಗೆಯೂ ಇದೆ. 1944ರ ಫೆಬ್ರುವರಿಯಲ್ಲಿ, 'ಅನಿಮಲ್ ಫಾರ್ಮ್' ಬರೆದು ಮುಗಿಸುವ ಹೊತ್ತಿಗೆ, ಆರ್ವೆಲ್ ಗ್ಲೆಬ್ ಸ್ತ್ರೂವೆ ಎಂಬ ರಷ್ಯನ್ ಸಾಹಿತ್ಯದ ವಿದ್ವಾಂಸನಿಗೆ ಪತ್ರ ಬರೆದ: ನಿಮ್ಮ ಪುಸ್ತಕದಿಂದಲೇ ನನಗೆ 'ನಾವು' ಕಾದಂಬರಿಯ ವಿಷಯ ತಿಳಿಯಿತು, ಅಂಥದೊಂದನ್ನು ಬರೆಯಲು ನಾನೂ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ ಎಂದು. ಫ್ರೆಂಚ್ ಅನುವಾದ ಹುಡುಕಿ ಓದಿದ. 1946ರ ಜನವರಿಯಲ್ಲಿ 'ಟ್ರಿಬ್ಯೂನ್' ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದ. 1949ರಲ್ಲಿ 'ನೈಂಟೀನ್ ಎಯ್ಟಿಫೋರ್' ಬಂತು. ಅಲ್ಲಿಯೂ ಒಂದು ದಿನಚರಿ, ಒಬ್ಬ ಮಹಾ ಒಡೆಯ, ನಿಷಿದ್ಧ ಪ್ರೇಮ, ಹಳೆಯ ಕಾಲದ ವಸ್ತುಗಳಿರುವ ಒಂದು ಗುಟ್ಟಿನ ಕೋಣೆ!

ಆದರೂ ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ನನ್ನ ಮನಸ್ಸು ಜಮ್ಯಾತಿನ್ ಕಡೆಗೇ ವಾಲುತ್ತದೆ. ಆರ್ವೆಲ್‌ನ ನರಕ ಮೊದಲ ಪುಟದಿಂದಲೇ ನರಕ. ಬೇಯಿಸಿದ ಎಲೆಕೋಸಿನ ವಾಸನೆ, ಕೆಟ್ಟುನಿಂತ ಲಿಫ್ಟ್, ನೋಯುವ ಕಾಲು. ಅಲ್ಲಿ ಬದುಕಲು ಯಾರಿಗೂ ಆಸೆಯಾಗದು. ಜಮ್ಯಾತಿನ್‌ನ ಊರು ಚೊಕ್ಕಟ, ನೀಲಿ ಆಕಾಶ, ಹಸಿವಿಲ್ಲ, ಜಗಳವಿಲ್ಲ, ಎಲ್ಲಕ್ಕೂ ಉತ್ತರವಿದೆ. ಬಾಗಿಲಲ್ಲಿ ನಿಂತು ನಾವೇ ಒಳಗೆ ಬರಲೇ ಎಂದು ಕೇಳುವಂತಿದೆ. ನಿರಂಕುಶ ಪ್ರಭುತ್ವಕ್ಕೆ ಜನ ಮೊದಲು ಒಲಿಯುವುದು ಹೆದರಿ ಅಲ್ಲ, ನೆಮ್ಮದಿಯ ಆಸೆಗೆ. ಆ ಗುಟ್ಟನ್ನು ಅವನಷ್ಟು ಒಳಗಿನಿಂದ ಹೇಳಿದವರು ನನಗೆ ಕಂಡಿಲ್ಲ.

ಕಾದಂಬರಿಯಲ್ಲಿ ಐ-330 ಎಂಬ ಹೆಣ್ಣು ಡಿ-503ನ ಬದುಕಿಗೆ ನುಗ್ಗುತ್ತಾಳೆ. ಕ್ರಾಂತಿ ಮಾಡಬೇಕೆನ್ನುತ್ತಾಳೆ. ನಮ್ಮ ಹಿರಿಯರು ಮಾಡಿದ್ದೇ ಕೊನೆಯ ಕ್ರಾಂತಿ, ಇನ್ನೆಂಥದು ಎಂದು ಅವನು ಬೆದರುತ್ತಾನೆ. ನೀನು ಗಣಿತದವನಲ್ಲವೇ, ಹಾಗಾದರೆ ಕೊನೆಯ ಸಂಖ್ಯೆ ಯಾವುದು ಹೇಳು ಎಂದು ಕೇಳುತ್ತಾಳೆ ಅವಳು. ಅಂಕಿಗಳ ಮೇಲೆ ನಿಂತ ರಾಜ್ಯ ಅಂಕಿಯಿಂದಲೇ ಬಿರುಕು ಬಿಡುತ್ತದೆ! ಆಮೇಲೆ ಪ್ರಭುತ್ವ ತನ್ನ ಕೊನೆಯ ಅಸ್ತ್ರ ತೆಗೆಯುತ್ತದೆ: ಮಿದುಳಿನಿಂದ ಕಲ್ಪನೆಯನ್ನು ಸುಟ್ಟು ತೆಗೆಯುವ ಶಸ್ತ್ರಚಿಕಿತ್ಸೆ. ಅದಾದ ಮೇಲೆ ಡಿ-503 ಮಹೋಪಕಾರಿಯ ಪಕ್ಕದಲ್ಲಿ ಕೂತು, ತಾನು ಪ್ರೀತಿಸಿದವಳಿಗೆ ಗಾಜಿನ ಗಂಟೆಯೊಳಗೆ ಚಿತ್ರಹಿಂಸೆ ಕೊಡುವುದನ್ನು ನೋಡುತ್ತಾನೆ. ಅವಳು ಬಾಯಿ ಬಿಡುವುದಿಲ್ಲ. ಅವನಿಗೆ ಏನೂ ಅನ್ನಿಸುವುದಿಲ್ಲ.

ಸಾಮಾನ್ಯವಾಗಿ ಓದುಗರು ಇಲ್ಲಿಗೆ ಪುಸ್ತಕ ಮುಚ್ಚಿ, ಎಲ್ಲ ಮುಗಿಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಆ ಕೊನೆಯ ಟಿಪ್ಪಣಿಯನ್ನು ದಯವಿಟ್ಟು ಮತ್ತೊಮ್ಮೆ ನಿಧಾನವಾಗಿ ಓದಿ. ನಾವೇ ಗೆಲ್ಲುತ್ತೇವೆ ಎಂದು ಘೋಷಿಸುವ ಅದೇ ಪುಟದಲ್ಲಿ, ಕಲ್ಪನೆಯಿಲ್ಲದ, ಸುಳ್ಳು ಹೇಳಲೂ ಬಾರದ ಆ ಡಿ-503 ವರದಿಗಾರನ ಹಾಗೆ ಒಂದು ವಿಷಯ ದಾಖಲಿಸುತ್ತಾನೆ: ಪಶ್ಚಿಮದ ಬಡಾವಣೆಗಳು ಇನ್ನೂ ಕೈಗೆ ಬಂದಿಲ್ಲ, ಅಲ್ಲಿ ಕಾಡಿನ ಮೃಗಗಳಿವೆ, ಏಕರಾಜ್ಯಕ್ಕೆ ಬೆನ್ನು ತಿರುಗಿಸಿದ ಸಂಖ್ಯೆಗಳೂ ಬಹಳಷ್ಟಿವೆ. ಅದಕ್ಕೂ ಮೊದಲೇ ಒ-90, ಅಳತೆಗಿಂತ ಹತ್ತು ಸೆಂಟಿಮೀಟರ್ ಗಿಡ್ಡ ಎಂದು ತಾಯಿಯಾಗುವ ಹಕ್ಕೇ ಇಲ್ಲದ ಹುಡುಗಿ, ಅವನ ಮಗುವನ್ನು ಹೊಟ್ಟೆಯಲ್ಲಿ ಹೊತ್ತು ಹಸಿರು ಗೋಡೆ ದಾಟುವ ದಾರಿ ಹಿಡಿದಾಗಿದೆ. ಆ ಮಗುವಿಗೆ ಏಕರಾಜ್ಯದ ಯಾವ ಕಡತದಲ್ಲೂ ಅಂಕಿಯಿಲ್ಲ!